ಮೂಲೆಗುಂಪಾದ ಯಂತ್ರಕ್ಕೆ ಮರುಜೀವ: ‘ಡೂಮ್’ ಆಟದ ಕಥೆ

ಯಂತ್ರವೊಂದು ಸೋತರೆ ಅಪವಾದವನ್ನು ಯಾರ ಮೇಲೆ ಹೊರಿಸಬೇಕು? ಯಂತ್ರದ ಮೇಲೋ, ಅದಕ್ಕೆ ಅವಸರದಲ್ಲಿ ತಂತ್ರಾಂಶ ಬರೆಸಿದವರ ಮೇಲೋ? ವಿಡಿಯೋ ಆಟಗಳ ಚರಿತ್ರೆಯಲ್ಲಿ ಇಂಥದೊಂದು ಪ್ರಶ್ನೆಗೆ ಉತ್ತರ ಸಿಗಲು ಕಾಲು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಉತ್ತರ ಕೊಟ್ಟವರು ಕಂಪನಿಯವರಲ್ಲ. ಸಂಬಳವಿಲ್ಲದೆ, ಬಿಡುವಿನ ವೇಳೆಯಲ್ಲಿ ದುಡಿದ ಹವ್ಯಾಸಿಗಳು.

ಅಮೆರಿಕದ ಟೆಕ್ಸಾಸ್ ರಾಜ್ಯದ ಇಡ್ ಸಾಫ್ಟ್‌ವೇರ್ ಎಂಬ ಪುಟ್ಟ ಸಂಸ್ಥೆ 1993ರ ಡಿಸೆಂಬರ್ 10ರಂದು ‘ಡೂಮ್’ ಆಟವನ್ನು ಬಿಡುಗಡೆ ಮಾಡಿತು. ಬಂದೂಕು ಹಿಡಿದವನ ಕಣ್ಣಿನಿಂದಲೇ ಲೋಕವನ್ನು ಕಾಣುವ ಆಟ ಅದು. ವಿಡಿಯೋ ಆಟಗಳಲ್ಲಿನ ಹಿಂಸೆಯ ಬಗ್ಗೆ ಅಮೆರಿಕದ ಸೆನೆಟ್ ವಿಚಾರಣೆ ನಡೆಸಿದ್ದು ಅದರ ಹಿಂದಿನ ದಿನವೇ. ಹಿಂಸೆಯ ಕುರಿತ ಆಕ್ಷೇಪ ಇಂದಿಗೂ ತೀರಿಲ್ಲ, ಅದು ಬೇರೆಯೇ ಚರ್ಚೆಗೆ ಯೋಗ್ಯವಾದದ್ದು. ಇಲ್ಲಿ ನಮಗೆ ಮುಖ್ಯವಾದದ್ದು ಆಟದ ಒಳಗಿನ ಲೆಕ್ಕಾಚಾರ.

ಆ ಕಾಲದ ಸಾಮಾನ್ಯ ಕಂಪ್ಯೂಟರ್‌ಗಳಿಗೆ ದಶಮಾಂಶ ಗಣಿತವನ್ನು ವೇಗವಾಗಿ ಮಾಡುವ ಶಕ್ತಿ ಇರಲಿಲ್ಲ. ಆದ್ದರಿಂದ ಜಾನ್ ಕಾರ್ಮ್ಯಾಕ್ ಪೂರ್ಣಾಂಕಗಳಲ್ಲೇ ಕೆಲಸ ಸಾಗಿಸಿದರು. 32 ಬಿಟ್‌ಗಳ ಸಂಖ್ಯೆಯಲ್ಲಿ ಅರ್ಧಭಾಗ ಪೂರ್ಣಾಂಕಕ್ಕೆ, ಉಳಿದರ್ಧ ಭಿನ್ನರಾಶಿಗೆ ಮೀಸಲು. ಇನ್ನು ಕೋಣೆ, ಗೋಡೆಗಳ ನಕ್ಷೆಯನ್ನು ಮೊದಲೇ ಎರಡೆರಡು ಭಾಗಗಳಾಗಿ ಸೀಳುತ್ತ ಹೋಗಿ, ಮರದ ಕೊಂಬೆಗಳಂತೆ ಜೋಡಿಸಿಡಲಾಗಿತ್ತು. ಆಟಗಾರ ನಿಂತ ಜಾಗದಿಂದ ಯಾವ ಗೋಡೆ ಮುಂದೆ, ಯಾವುದು ಹಿಂದೆ ಎಂದು ಪ್ರತಿ ಸಲವೂ ಹೊಸದಾಗಿ ವಿಂಗಡಿಸುವ ಶ್ರಮ ಇದರಿಂದ ತಪ್ಪಿತು. 386 ಕಂಪ್ಯೂಟರ್ ಮತ್ತು 4 ಮೆಗಾಬೈಟ್ ಸ್ಮರಣೆ ಇದ್ದರೆ ಆಟ ನಡೆಯುತ್ತಿತ್ತು.

ಮನೆಯ ಟಿ.ವಿ.ಗೆ ಜೋಡಿಸುವ ಆಟದ ಯಂತ್ರಗಳಿಗೂ ಡೂಮ್ ಬೇಕೆಂಬ ಒತ್ತಾಯ ಬಂದದ್ದು ಸಹಜ. ಜಪಾನಿನ ಸೆಗಾ ಕಂಪನಿ ತನ್ನ ಮೆಗಾ ಡ್ರೈವ್ ಯಂತ್ರದ ತಲೆಯ ಮೇಲೆ ಕೂರಿಸುವ ‘32 ಎಕ್ಸ್’ ಎಂಬ ಉಪಕರಣವನ್ನು 1994ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಮಾರಾಟಕ್ಕಿಟ್ಟಿತು. ಸುಮಾರು 160 ಡಾಲರ್ ಬೆಲೆಯ ಅದರೊಳಗೆ 23 ಮೆಗಾಹರ್ಟ್ಸ್ ವೇಗದ ಎರಡು ಹಿಟಾಚಿ ಪ್ರೊಸೆಸರ್‌ಗಳಿದ್ದವು; ಸ್ಮರಣೆ ಮಾತ್ರ 256 ಕಿಲೋಬೈಟ್. ಅಂದರೆ ಡೂಮ್ ಕೇಳುತ್ತಿದ್ದುದರ ಹದಿನಾರನೆಯ ಒಂದು ಪಾಲು! ಆದರೂ ಮಾರಾಟದ ಮೊದಲ ದಿನಗಳಿಗೇ ಡೂಮ್ ಸಿದ್ಧವಾಗಬೇಕಿತ್ತು.

ಸಿದ್ಧವೇನೋ ಆಯಿತು. ಆದರೆ ಕಂಪ್ಯೂಟರಿನ ಆಟದಲ್ಲಿ 27 ಹಂತಗಳಿದ್ದರೆ ಇಲ್ಲಿ ಬಂದದ್ದು 17. ಚಿತ್ರ ಪರದೆ ತುಂಬದೆ ಸುತ್ತಲೂ ಚೌಕಟ್ಟು ಉಳಿಯಿತು. ರಾಕ್ಷಸರು ಯಾವ ದಿಕ್ಕಿಗೆ ನಡೆದರೂ ಆಟಗಾರನಿಗೇ ಮುಖ ಮಾಡಿರುತ್ತಿದ್ದರು. ಬೆನ್ನು, ಪಕ್ಕೆಗಳ ಚಿತ್ರಗಳನ್ನು ಕೈಬಿಡಲಾಗಿತ್ತು. ಸಂಗೀತವಂತೂ ಗೇಲಿಗೆ ಗುರಿಯಾಯಿತು. ಹೊಸ ಯಂತ್ರವಾದ ಸ್ಯಾಟರ್ನ್ ಆಗಲೇ ಜಪಾನಿನ ಅಂಗಡಿಗಳಿಗೆ ಬಂದಿತ್ತು. 1996ರ ಹೊತ್ತಿಗೆ 32 ಎಕ್ಸ್ ಕಥೆ ಮುಗಿಯಿತು. ‘ಯಂತ್ರವೇ ದುರ್ಬಲ’ ಎಂಬ ತೀರ್ಪು ಅದರ ಹೆಸರಿಗೆ ಅಂಟಿಕೊಂಡಿತು.

ಕಥೆ ತಿರುವು ಪಡೆದದ್ದು 1997ರ ಡಿಸೆಂಬರ್‌ನಲ್ಲಿ. ಇಡ್ ಸಾಫ್ಟ್‌ವೇರ್ ಡೂಮ್‌ನ ಸೋರ್ಸ್ ಕೋಡನ್ನು, ಎಂದರೆ ಆಟವನ್ನು ನಡೆಸುವ ಆದೇಶಗಳ ಮೂಲ ಬರಹವನ್ನು, ಸಾರ್ವಜನಿಕರ ಕೈಗಿಟ್ಟಿತು. 1999ರಲ್ಲಿ ಅದಕ್ಕೆ ಜಿ.ಪಿ.ಎಲ್. ಎಂಬ ಮುಕ್ತ ಪರವಾನಗಿ ದೊರೆಯಿತು; ಅದೇ ವರ್ಷದ ಡಿಸೆಂಬರ್‌ನಲ್ಲಿ ‘ಕ್ವೇಕ್’ ಆಟದ ಕೋಡ್ ಕೂಡ ಹೊರಬಂತು. ಡೂಮ್ ಬಹುಮಟ್ಟಿಗೆ ಸಿ ಭಾಷೆಯಲ್ಲಿತ್ತು. ಪರದೆ, ಧ್ವನಿ ಮುಂತಾದ ಯಂತ್ರಾವಲಂಬಿ ಭಾಗಗಳು ಪ್ರತ್ಯೇಕ ಕಡತಗಳಲ್ಲಿದ್ದವು. ಆ ಕೆಲವೇ ಕಡತಗಳನ್ನು ಹೊಸದಾಗಿ ಬರೆದರೆ ಆಟ ಬೇರೊಂದು ಯಂತ್ರದಲ್ಲಿ ಕಣ್ಣು ಬಿಡುತ್ತಿತ್ತು.

ಹೀಗೆ ಕಂಪನಿಯ ಅಪ್ಪಣೆಗೆ ಕಾಯದೆ ಮನೆಯಲ್ಲೇ ಬರೆದುಕೊಂಡ ತಂತ್ರಾಂಶಕ್ಕೆ ‘ಹೋಮ್‌ಬ್ರೂ’ ಎಂದು ಹೆಸರು. ಮನೆಯಲ್ಲೇ ತಯಾರಿಸಿದ ಮದ್ಯಕ್ಕೆ ಇದ್ದ ಪದ ಅದು. 1975ರಲ್ಲಿ ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕ್‌ನ ಗ್ಯಾರೇಜೊಂದರಲ್ಲಿ ಸೇರಿದ ಕಂಪ್ಯೂಟರ್ ಹವ್ಯಾಸಿಗಳು ತಮ್ಮ ಕೂಟಕ್ಕೆ ಅದೇ ಹೆಸರಿಟ್ಟುಕೊಂಡಿದ್ದರು.

ಹೋಮ್‌ಬ್ರೂ ಹವ್ಯಾಸಿಗಳಿಗೆ ದೊಡ್ಡ ಆಡುಂಬೊಲವಾದದ್ದು ಸೆಗಾದ ಕೊನೆಯ ಯಂತ್ರ ಡ್ರೀಮ್‌ಕಾಸ್ಟ್. 1998ರಲ್ಲಿ ಹುಟ್ಟಿದ ಅದರ ತಯಾರಿಕೆ 2001ರಲ್ಲೇ ನಿಂತಿತು. ಸಂಗೀತದ ಸಿ.ಡಿ.ಗಳಿಗೆಂದು ಅದರಲ್ಲಿ ಬಿಟ್ಟಿದ್ದ ಒಂದು ದಾರಿಯಿಂದ, ಮನೆಯಲ್ಲಿ ಬರೆದುಕೊಂಡ ಸಾಧಾರಣ ಸಿ.ಡಿ.ಯೂ ಓಡುತ್ತಿತ್ತು. ಕ್ಯಾಲಿಸ್ಟಿ ಓ.ಎಸ್. ಎಂಬ ಉಚಿತ ತಂತ್ರಾಂಶ ಭಂಡಾರ ದೊರೆತ ಮೇಲೆ ಸೆಗಾದ ಸಲಕರಣೆಗಳ ಹಂಗೂ ತಪ್ಪಿತು. ಡೂಮ್, ಕ್ವೇಕ್ ಎರಡೂ ಅಲ್ಲಿ ಓಡಿದವು. ಕ್ವೇಕ್‌ಗೆ ದಶಮಾಂಶ ಗಣಿತ ಬೇಕೇ ಬೇಕು. ಡ್ರೀಮ್‌ಕಾಸ್ಟ್‌ನ 200 ಮೆಗಾಹರ್ಟ್ಸ್ ಪ್ರೊಸೆಸರ್ ಅದರಲ್ಲಿ ನಿಸ್ಸೀಮ.

ಆದರೆ ಬಡ 32 ಎಕ್ಸ್? ಅಟಾರಿ ಜಾಗ್ವಾರ್ ಯಂತ್ರಕ್ಕಾಗಿ ಕಾರ್ಮ್ಯಾಕ್ ಬರೆದಿದ್ದ ಡೂಮ್ ಕೋಡ್ ಕೂಡ ಮುಂದೆ ಬಹಿರಂಗವಾಗಿತ್ತು. 32 ಎಕ್ಸ್ ಆವೃತ್ತಿ ಅದರ ಹತ್ತಿರದ ಬಂಧು. ಅದನ್ನೇ ಆಧಾರವಾಗಿಟ್ಟುಕೊಂಡು 2020ರ ದಶಕದ ಆರಂಭದಲ್ಲಿ ಹವ್ಯಾಸಿಗಳು ‘ಡೂಮ್ 32 ಎಕ್ಸ್ ರಿಸರೆಕ್ಷನ್’ ಎಂಬ ಹೊಸ ಆವೃತ್ತಿ ಕಟ್ಟಿದರು. ಚಿತ್ರ ಬಿಡಿಸುವ ಹೊರೆಯನ್ನು ಎರಡು ಪ್ರೊಸೆಸರ್‌ಗಳಿಗೂ ಹಂಚಿದರು. ಪರದೆ ಹಿಗ್ಗಿತು, ಬಿಟ್ಟುಹೋಗಿದ್ದ ಹಂತಗಳು ಬಂದವು, ರಾಕ್ಷಸರು ಬೆನ್ನು ತಿರುಗಿಸಿದರು, ಸಂಗೀತ ಸುಧಾರಿಸಿತು. ಯಂತ್ರ ಅದೇ, ಅದೇ 256 ಕಿಲೋಬೈಟ್. ಬದಲಾದದ್ದು ಒಂದೇ: ಬರೆಯುವವರ ಕೈಯಲ್ಲಿದ್ದ ಕಾಲಾವಕಾಶ. ಇದು 1994ರ ಇಂಜಿನಿಯರುಗಳಿಗೆ ಅವಮಾನವೇನಲ್ಲ. ಅವರಿಗೆ ಸಿಕ್ಕದ್ದು ತಿಂಗಳುಗಳು. ಇವರಿಗೆ ವರ್ಷಗಳು ಸಿಕ್ಕವು, ಜೊತೆಗೆ ಉತ್ತಮ ಸಲಕರಣೆಗಳೂ ಇದ್ದವು. ದೊಡ್ಡ ಕಾರ್ಟ್ರಿಡ್ಜ್‌ನ ಖರ್ಚಿನ ಚಿಂತೆಯಂತೂ ಇರಲೇ ಇಲ್ಲ.

ಇಲ್ಲೊಂದು ಎಚ್ಚರಿಕೆಯ ಮಾತೂ ಅಗತ್ಯ. ಮುಕ್ತವಾದದ್ದು ಆಟವನ್ನು ನಡೆಸುವ ಕೋಡ್ ಮಾತ್ರ. ಚಿತ್ರ, ಧ್ವನಿ, ನಕ್ಷೆಗಳಿರುವ ‘ವ್ಯಾಡ್’ ಕಡತದ ಹಕ್ಕು ಮಾಲೀಕರಲ್ಲೇ ಉಳಿದಿದೆ. ಅದನ್ನು ಕೊಂಡವರು ತಮ್ಮ ಪ್ರತಿಯಿಂದ ಬಳಸಿಕೊಳ್ಳಬೇಕು. ಇಲ್ಲವೇ ‘ಫ್ರೀಡೂಮ್’ ಎಂಬ ಉಚಿತ ಚಿತ್ರ-ನಕ್ಷೆಗಳ ಸಂಗ್ರಹವಿದೆ. ಕೋಡ್ ಮತ್ತು ವ್ಯಾಡ್ ಬೇರೆಬೇರೆ ಕಡತಗಳಲ್ಲಿದ್ದುದರಿಂದಲೇ, ಒಂದನ್ನು ಕೊಟ್ಟು ಇನ್ನೊಂದನ್ನು ಇಟ್ಟುಕೊಳ್ಳಲು ಕಂಪನಿಗೆ ಸಾಧ್ಯವಾಯಿತು.

ದೂರದರ್ಶನದಲ್ಲಿ ದುಡಿಯುವ ನಮ್ಮಂಥವರಿಗೆ ಈ ಕಥೆಯ ಬೆಲೆ ಬೇಗ ತಿಳಿಯುತ್ತದೆ. ಯು-ಮ್ಯಾಟಿಕ್ ಟೇಪನ್ನು ಎಷ್ಟೇ ಜೋಪಾನವಾಗಿ ಕಪಾಟಿನಲ್ಲಿಟ್ಟರೂ, ಅದನ್ನು ನಡೆಸುವ ಯಂತ್ರ ಮತ್ತು ರಿಪೇರಿ ಬಲ್ಲವರು ಇಲ್ಲವಾದರೆ ಒಳಗಿನ ದನಿ ಕೇಳದು. ವಸ್ತುವನ್ನು ಕಾಪಾಡಿದರೆ ಸಾಲದು, ಅದು ಹೇಗೆ ಕೆಲಸ ಮಾಡುತ್ತದೆ ಎಂಬ ತಿಳಿವಳಿಕೆಯನ್ನೂ ಕಾಪಾಡಬೇಕು. ಡೂಮ್‌ನ ಒಡೆಯರು ಆ ತಿಳಿವಳಿಕೆಯನ್ನು ಹಂಚಿದರು, ಆಟ ಬದುಕಿತು. ಬೀಗ ಹಾಕಿಟ್ಟ ಕೋಡಿನ ಆಟಗಳಿಗೆ ಈ ಭಾಗ್ಯ ಅಷ್ಟು ಸುಲಭವಾಗಿ ಸಿಗದು. ನಮ್ಮಲ್ಲಿ ಇಂದು ತಂತ್ರಾಂಶ ಬರೆಯುತ್ತಿರುವ ಯುವಕ ಯುವತಿಯರು, ತಮ್ಮ ಬರಹ ಮೂವತ್ತು ವರ್ಷಗಳ ನಂತರ ಯಾರ ಕೈಗೆ ಸಿಗಬೇಕು ಎಂಬುದನ್ನು ಈಗಲೇ ಯೋಚಿಸುವುದು ಒಳ್ಳೆಯದು.