ಪಂಚಾಂಗದ ಚಂದ್ರನೂ ಜೋಗದ ಕಲ್ಲೂ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಘಟ್ಟದ ಸೀಮೆಯಲ್ಲಿ ಪಂಚಾಂಗವಿಲ್ಲದ ಮನೆಯು ವಿರಳ. ಏಕಾದಶಿಯ ಉಪವಾಸಕ್ಕೂ ದ್ವಾದಶಿಯ ಪಾರಣೆಗೂ ಶ್ರಾದ್ಧದ ದಿನನಿರ್ಣಯಕ್ಕೂ ಹಿರಿಯರು ಅದನ್ನೇ ತೆರೆದು ನೋಡುವರು. ಹಾಗೆ ನೋಡುವವರಿಗೆಲ್ಲ ಒಂದು ಸಂಗತಿಯು ತಿಳಿದೇ ಇರುವುದು: ತಿಥಿಗಳೆಲ್ಲವೂ ಸಮಾನವಾದ ಉದ್ದದವಲ್ಲ. ಒಂದು ತಿಥಿಯು ಸುಮಾರು 20 ಗಂಟೆಗಳಲ್ಲಿಯೇ ಮುಗಿದರೆ ಮತ್ತೊಂದು 26 ಗಂಟೆಗಳಿಗೂ ಮಿಕ್ಕಿ ನಿಲ್ಲುವುದು. ಒಂದು ಸೂರ್ಯೋದಯವನ್ನೇ ಕಾಣದೆ ಕ್ಷಯವಾಗುವುದು. ಇನ್ನೊಂದು ಎರಡು ಸೂರ್ಯೋದಯಗಳನ್ನು ಕಂಡು ವೃದ್ಧಿಯೆನಿಸುವುದು. ಇದಕ್ಕೆ ಕಾರಣವೇನೆಂದು ವಿಚಾರಿಸುತ್ತ ಹೋದವನು, ಇಂದು ಕಲನಗಣಿತವೆಂದು ಹೆಸರಾದ ಶಾಸ್ತ್ರದ ಬಾಗಿಲಿಗೇ ಬಂದು ನಿಲ್ಲುವನು.

ಚಂದ್ರನು ಸೂರ್ಯನಿಂದ 12 ಅಂಶಗಳಷ್ಟು ಮುಂದೆ ಸರಿದರೆ ಒಂದು ತಿಥಿ. ಆದರೆ ಚಂದ್ರನ ನಡೆಯು ಏಕರೂಪವಾದುದಲ್ಲ. ಅವನು ಒಂದು ದಿನ ಸುಮಾರು 12 ಅಂಶ ನಡೆದರೆ ಮತ್ತೊಂದು ದಿನ 15 ಅಂಶಗಳವರೆಗೂ ನಡೆಯುವನು. ಬೆಳಗಿನ ವೇಗವು ಸಂಜೆಗೆ ಉಳಿಯುವುದಿಲ್ಲ. ಇಂದಿನ ಸ್ಥಾನವನ್ನು ನಾಳಿನ ಸ್ಥಾನದಿಂದ ಕಳೆದರೆ ದೊರೆಯುವುದು ಇಡೀ ದಿನದ ಸರಾಸರಿ ಗತಿಯೇ ಹೊರತು ಈ ಕ್ಷಣದ ಗತಿಯಲ್ಲ.

ಈ ಭೇದವನ್ನು ಸ್ಪಷ್ಟವಾಗಿ ಕಂಡವರಲ್ಲಿ ಅಗ್ರಗಣ್ಯನು ಭಾಸ್ಕರಾಚಾರ್ಯನು. ಶಕೆ 1036ರಲ್ಲಿ, ಅಂದರೆ ಕ್ರಿ.ಶ. 1114ರಲ್ಲಿ, ಜನಿಸಿದ ಈತನು ತನ್ನ 36ನೆಯ ವಯಸ್ಸಿನಲ್ಲಿ ‘ಸಿದ್ಧಾಂತಶಿರೋಮಣಿ’ಯನ್ನು ರಚಿಸಿದನು. ತನ್ನ ಊರು ಸಹ್ಯಾದ್ರಿಯ ಆಶ್ರಯದಲ್ಲಿರುವ ಬಿಜ್ಜಡಬಿಡವೆಂದು ಆತನೇ ಹೇಳಿಕೊಂಡಿರುವನು. ಅದು ಇಂದಿನ ಯಾವ ಊರೆಂಬುದರಲ್ಲಿ ವಿದ್ವಾಂಸರಿಗೆ ಐಕಮತ್ಯವಿಲ್ಲ. ತಿಥಿಯ ಅಂತ್ಯವು ಸಮೀಪದಲ್ಲಿದ್ದಾಗ ಚಂದ್ರನ ತಾತ್ಕಾಲಿಕ ಗತಿಯನ್ನೇ ಬಳಸಬೇಕು, ದೂರದಲ್ಲಿದ್ದಾಗ ಮಾತ್ರ ದಿನದ ಸ್ಥೂಲಗತಿಯು ಸಲ್ಲುವುದು, ಏಕೆಂದರೆ ಚಂದ್ರಗತಿಯು ಪ್ರತಿಕ್ಷಣವೂ ಸಮವಾಗಿರುವುದಿಲ್ಲ ಎಂಬುದು ಆತನ ವಿಧಿ. ಈ ಗತಿಯನ್ನು ಪಡೆಯಲು, ಜ್ಯಾರ್ಧವು ಬದಲಾಗುವ ಪ್ರಮಾಣವು ಕೋಟಿಜ್ಯೆಯನ್ನು ಅನುಸರಿಸುವುದೆಂಬ ನಿಯಮವನ್ನು ಆತನು ಉಪಯೋಗಿಸಿದನು. ಗ್ರಹದ ಫಲವು ಪರಮಾವಧಿಗೆ ಏರಿದ ಸ್ಥಳದಲ್ಲಿ ಗತಿಯ ಸಂಸ್ಕಾರವು ಶೂನ್ಯವಾಗುವುದೆಂದೂ ತಿಳಿಸಿದನು. ತೂಗುವ ಉಯ್ಯಾಲೆಯು ತುತ್ತತುದಿಯಲ್ಲಿ ಒಂದು ಕ್ಷಣ ತಡೆದು ಹಿಂದಿರುಗುವುದನ್ನು ಕಂಡವರಿಗೆ ಇದರ ಮರ್ಮವು ಸುಲಭವಾಗಿ ಹೊಳೆಯುವುದು.

‘ಒಂದು ಕ್ಷಣದ ಗತಿ’ ಎಂದರೇನು? ಕ್ಷಣದಲ್ಲಿ ವಸ್ತುವು ಚಲಿಸುವ ದೂರವೇ ಶೂನ್ಯವಲ್ಲವೇ? ಈ ಸಂಶಯಕ್ಕೆ ಉತ್ತರವು ಸಿದ್ದಾಪುರದ ಗಡಿಯಲ್ಲಿಯೇ ಇರುವುದು. ಜೋಗದಲ್ಲಿ ಶರಾವತಿಯು 830 ಅಡಿಗಳಷ್ಟು ಕೆಳಗೆ ಧುಮುಕುವಳು. ಅದರ ನೆತ್ತಿಯಿಂದ ಒಂದು ಕಲ್ಲು ಜಾರಿ ಬಿದ್ದಿತೆಂದು ಭಾವಿಸೋಣ. ಗಾಳಿಯ ತಡೆಯನ್ನು ಬಿಟ್ಟರೆ ಅದು ಮೊದಲ ಸೆಕೆಂಡಿನಲ್ಲಿ 16 ಅಡಿ, ಎರಡು ಸೆಕೆಂಡುಗಳಲ್ಲಿ 64 ಅಡಿ, ಮೂರರಲ್ಲಿ 144 ಅಡಿ ಇಳಿದಿರುವುದು. ಕಾಲದ ವರ್ಗವನ್ನು 16ರಿಂದ ಗುಣಿಸಿದರೆ ದೂರವು ಸಿಕ್ಕುವುದು. ಮೂರನೆಯ ಸೆಕೆಂಡು ಮುಗಿದ ಕ್ಷಣದಲ್ಲಿ ಅದರ ವೇಗವೆಷ್ಟು? ಮುಂದಿನ ಇಡೀ ಸೆಕೆಂಡನ್ನು ಹಿಡಿದರೆ ಸರಾಸರಿ ವೇಗವು ಸೆಕೆಂಡಿಗೆ 112 ಅಡಿ. ಹತ್ತನೆಯ ಒಂದು ಭಾಗವನ್ನು ಹಿಡಿದರೆ 97.6 ಅಡಿ, ನೂರನೆಯ ಒಂದು ಭಾಗವನ್ನು ಹಿಡಿದರೆ 96.16 ಅಡಿ. ಅವಧಿಯು ಕಿರಿದಾದಷ್ಟೂ ಉತ್ತರವು 96ರ ಕಡೆಗೇ ಸರಿಯುವುದು. ಆ 96 ಅಡಿಯೇ ಆ ಕ್ಷಣದ ಗತಿ. ಹೀಗೆಯೇ ಎಣಿಸುತ್ತ ಹೋದರೆ, ಏಳು ಸೆಕೆಂಡುಗಳಿಗೆ ತುಸು ಮಿಕ್ಕಿದ ಕಾಲದಲ್ಲಿ ಕಲ್ಲು ಮಡುವನ್ನು ಮುಟ್ಟುವಾಗ ಅದರ ವೇಗವು ಸೆಕೆಂಡಿಗೆ ಸುಮಾರು 230 ಅಡಿಯಾಗಿರುವುದು.

ಇಲ್ಲಿ ಇತಿಹಾಸವು ಒಂದು ವಿಷಾದದ ಸಂಗತಿಯನ್ನು ಮುಂದಿಡುವುದು. ಭಾಸ್ಕರನು ತಾತ್ಕಾಲಿಕ ಗತಿಯನ್ನು ಬಲ್ಲನು. ಅದೇ ಗ್ರಂಥದ ಗೋಲಾಧ್ಯಾಯದಲ್ಲಿ, ಭೂಮಿಗೆ ಆಕರ್ಷಣಶಕ್ತಿಯುಂಟೆಂದೂ ಆಕಾಶದಲ್ಲಿರುವ ಗುರುವಸ್ತುವನ್ನು ಅದು ತನ್ನೆಡೆಗೆ ಸೆಳೆಯುವುದೆಂದೂ ಹೇಳಿರುವನು. ಎರಡು ವಿಚಾರಗಳೂ ಒಂದೇ ಗ್ರಂಥದಲ್ಲಿದ್ದರೂ ಅವುಗಳಿಗೆ ಬೆಸುಗೆ ಬೀಳಲಿಲ್ಲ. ಆಕಾಶದ ಚಂದ್ರನಿಗೆ ಹಿಡಿದ ಅಳತೆಗೋಲನ್ನು ಬೀಳುವ ಕಲ್ಲಿಗೆ ಹಿಡಿಯಲಿಲ್ಲ.

ಆ ಬಳಿಕ ಕೇರಳದಲ್ಲಿ ಸಂಗಮಗ್ರಾಮದ ಮಾಧವನೂ ಆತನ ಪರಂಪರೆಯವರೂ 14ನೆಯ ಶತಮಾನದಿಂದ ಅನಂತಶ್ರೇಢಿಗಳವರೆಗೆ ಗಣಿತವನ್ನು ಒಯ್ದರು. ಅದೂ ಮುಖ್ಯವಾಗಿ ಗ್ರಹಗಣಿತದ ಪರಿಧಿಯಲ್ಲಿಯೇ ಉಳಿಯಿತು. ಕರ್ನಾಟಕ ಮಹಾರಾಷ್ಟ್ರಗಳಲ್ಲಿ 1520ರ ‘ಗ್ರಹಲಾಘವ’ವು ಪಂಚಾಂಗಕರ್ತರ ಕೈಪಿಡಿಯಾಯಿತು. ಜ್ಯಾಗಣನೆಯ ಕ್ಲೇಶವಿಲ್ಲದೆಯೇ ಗ್ರಹಸ್ಥಾನವನ್ನು ತರುವುದು ಅದರ ಹಿರಿಮೆ. ಗ್ರಂಥಕರ್ತನಾದ ಗಣೇಶ ದೈವಜ್ಞನು ಉಪಪತ್ತಿಯನ್ನು ಅರಿಯದವನಲ್ಲ. ಲೀಲಾವತಿಗೆ ಯುಕ್ತಿಸಹಿತವಾದ ವ್ಯಾಖ್ಯಾನವನ್ನು ಬರೆದವನು. ಆದರೆ ಸೂತ್ರವು ಸುಲಭವಾದಾಗ ಅದರ ಹಿಂದಿನ ಯುಕ್ತಿಯನ್ನು ಕೇಳುವವರು ಕಡಿಮೆಯಾಗುವುದು ಎಲ್ಲ ಕಾಲದಲ್ಲಿಯೂ ಕಾಣುವ ಸ್ವಭಾವ.

ಬೆಸುಗೆಯು ಬಿದ್ದುದು ದೂರದ ಇಂಗ್ಲೆಂಡಿನಲ್ಲಿ. ನ್ಯೂಟನ್ ಮಹಾಶಯನು 1665-66ರಲ್ಲಿ ಕಲನಗಣಿತದ ತತ್ತ್ವಗಳನ್ನು ಕಂಡುಕೊಂಡನು; ಜರ್ಮನಿಯ ಲೈಬ್ನಿಟ್ಸನು ಸ್ವತಂತ್ರವಾಗಿ ಅದನ್ನೇ ಕಂಡು 1684ರಲ್ಲಿ ಪ್ರಕಟಿಸಿದನು. 1687ರ ತನ್ನ ‘ಪ್ರಿನ್ಸಿಪಿಯಾ’ದಲ್ಲಿ ನ್ಯೂಟನ್‌ನು ಚಂದ್ರನನ್ನೂ ಕಲ್ಲನ್ನೂ ಒಂದೇ ನಿಯಮಕ್ಕೆ ಒಳಪಡಿಸಿದನು. ಚಂದ್ರನಿಗೂ ಭೂಮಿಯ ಕೇಂದ್ರಕ್ಕೂ ಇರುವ ದೂರವು ಭೂಮಿಯ ತ್ರಿಜ್ಯದ ಸುಮಾರು 60 ಪಟ್ಟು. ಆದುದರಿಂದ ಅಲ್ಲಿ ಭೂಮಿಯ ಸೆಳೆತವು 3600ರಲ್ಲಿ ಒಂದು ಪಾಲು. ಜೋಗದ ಕಲ್ಲು ಮೊದಲ ಒಂದು ಸೆಕೆಂಡಿನಲ್ಲಿ ಬೀಳುವ 16 ಅಡಿಗಳನ್ನೇ ಚಂದ್ರನು, ನೇರವಾಗಿ ಸಾಗಬೇಕಾದ ತನ್ನ ದಾರಿಯಿಂದ, ಒಂದು ನಿಮಿಷದಲ್ಲಿ ಭೂಮಿಯ ಕಡೆಗೆ ಬೀಳುವನು.

ಕ್ಷಣಕ್ಷಣದ ಗತಿಯನ್ನು ಕಾಣುವುದು ಈ ಶಾಸ್ತ್ರದ ಒಂದು ಮುಖವಾದರೆ, ಕ್ಷಣಕ್ಷಣದ ಅಲ್ಪಗಳನ್ನು ಕೂಡಿಸಿ ಸಮಸ್ತವನ್ನು ಪಡೆಯುವುದು ಮತ್ತೊಂದು ಮುಖ. ಭಾಸ್ಕರನು ಗೋಲದ ಮೇಲ್ಮೈಯನ್ನು ಪಟ್ಟಿಪಟ್ಟಿಯಾಗಿ ಸೀಳಿ ಕೂಡಿಸಿದುದು ಇದೇ ಮಾರ್ಗದಲ್ಲಿ. 1964ರಲ್ಲಿ ಮುಗಿದ ಲಿಂಗನಮಕ್ಕಿಯ ಅಣೆಕಟ್ಟೆಗೆ ಆಷಾಢದ ಮಳೆಯಲ್ಲಿ ಹರಿದು ಬರುವ ನೀರು ಗಳಿಗೆಗೊಂದು ಪ್ರಮಾಣದಲ್ಲಿರುವುದು. ಅದರ ಒಟ್ಟು ಸಂಗ್ರಹವನ್ನು ತಿಳಿಯುವ ಯುಕ್ತಿಯೂ ಇದೇ. ಮಾಗೋಡಿನ ಬೇಡ್ತಿಗೂ ಉಂಚಳ್ಳಿಯ ಅಘನಾಶಿನಿಗೂ ಬೇರೆ ಗಣಿತವಿಲ್ಲ.

ಪ್ರಕೃತಿಯಲ್ಲಿ ನಿಂತಿರುವುದೊಂದೂ ಇಲ್ಲ. ಚಲಿಸುವುದನ್ನು ಅರಿಯಲು ಚಲನೆಯ ಗಣಿತವೇ ಬೇಕು. ಮನೆಯ ಮಕ್ಕಳು ಕಲನಗಣಿತದ ಸೂತ್ರಗಳನ್ನು ಬಾಯಿಪಾಠ ಮಾಡುವಾಗ ಹಿರಿಯರು ಒಮ್ಮೆ ಪಂಚಾಂಗವನ್ನು ಅವರ ಮುಂದೆ ಬಿಡಿಸಿ, ಇಂದಿನ ತಿಥಿಯು ನಿನ್ನೆಯದಕ್ಕಿಂತ ಏಕೆ ಚಿಕ್ಕದೆಂದು ಕೇಳಲಿ. ಎಂಟು ಶತಮಾನಗಳ ಹಿಂದೆ ಸಹ್ಯಾದ್ರಿಯ ಮಡಿಲಲ್ಲಿ ಎದ್ದು, ಅರ್ಧದಲ್ಲಿ ನಿಂತ ಪ್ರಶ್ನೆಯು ಆ ಮನೆಯಲ್ಲಿ ಮತ್ತೆ ನಡೆಯತೊಡಗುವುದು.