ಸ್ವಚ್ಛತಾ ಕಾರ್ಮಿಕರ ಆರೋಗ್ಯ: ಶುಚಿಕಾರಕ ರಾಸಾಯನಿಕಗಳ ಪರಿಣಾಮ ಮತ್ತು ಮುನ್ನೆಚ್ಚರಿಕೆ

ಆಸ್ಪತ್ರೆ, ಶಾಲೆ, ಕಚೇರಿ, ವಸತಿ ಸಮುಚ್ಚಯ ಹಾಗೂ ಸಾರ್ವಜನಿಕ ಶೌಚಾಲಯಗಳಲ್ಲಿ ದುಡಿಯುವ ಸ್ವಚ್ಛತಾ ಕಾರ್ಮಿಕರು ಫಿನಾಯಿಲ್, ಬ್ಲೀಚಿಂಗ್ ಪುಡಿ, ಆಸಿಡ್ ಮುಂತಾದ ವಸ್ತುಗಳನ್ನು ಪ್ರತಿದಿನ ಬಳಸುತ್ತಾರೆ. ಇವುಗಳಿಂದ ಉಂಟಾಗುವ ತೊಂದರೆಗಳು ನಿಧಾನವಾಗಿ ಕಾಣಿಸಿಕೊಳ್ಳುವುದರಿಂದ ಸಾಮಾನ್ಯ ಕೆಮ್ಮು ಅಥವಾ ತುರಿಕೆಯೆಂದು ಅಲಕ್ಷಿಸಲ್ಪಡುತ್ತವೆ.

ಆರೋಗ್ಯದ ಮೇಲಿನ ಪರಿಣಾಮಗಳು

1. ಚರ್ಮ: ಕೈಗಳಲ್ಲಿ ಒಣಗುವಿಕೆ, ಬಿರುಕು, ಉರಿ ಮತ್ತು ಇಸುಬು.
2. ಕಣ್ಣು: ಉರಿ ಮತ್ತು ನೀರು ಸುರಿಯುವಿಕೆ, ಆಸಿಡ್ ಸಿಡಿದಲ್ಲಿ ದೃಷ್ಟಿಗೇ ಅಪಾಯ.
3. ಶ್ವಾಸಾಂಗ: ಕೆಮ್ಮು, ಉಬ್ಬಸ ಮತ್ತು ಅಸ್ತಮಾ. ಯುರೋಪಿನಲ್ಲಿ 6,000ಕ್ಕೂ ಹೆಚ್ಚು ಜನರನ್ನು ಸುಮಾರು 20 ವರ್ಷ ಗಮನಿಸಿ 2018ರಲ್ಲಿ ಪ್ರಕಟಿಸಲಾದ ಅಧ್ಯಯನದಲ್ಲಿ, ಸ್ವಚ್ಛತಾ ಕೆಲಸ ಮಾಡುವ ಮಹಿಳೆಯರ ಶ್ವಾಸಕೋಶದ ಸಾಮರ್ಥ್ಯವು ಆ ಕೆಲಸ ಮಾಡದ ಮಹಿಳೆಯರಿಗಿಂತ ವೇಗವಾಗಿ ಕುಂದಿರುವುದು ಕಂಡುಬಂದಿದೆ.

ವಿಶೇಷ ಎಚ್ಚರಿಕೆ

ಬ್ಲೀಚಿಂಗ್ ಪುಡಿ ಅಥವಾ ಬ್ಲೀಚ್ ದ್ರಾವಣವನ್ನು ಶೌಚಾಲಯ ತೊಳೆಯುವ ಆಸಿಡ್‌ನೊಂದಿಗೆ ಎಂದಿಗೂ ಬೆರೆಸಬಾರದು. ಬೆರೆಸಿದಲ್ಲಿ ವಿಷಕಾರಿ ಕ್ಲೋರಿನ್ ಅನಿಲವು ಹೊರಬರುತ್ತದೆ. ಅಮೋನಿಯಾ ಇರುವ ದ್ರಾವಣದೊಂದಿಗೆ ಬೆರೆಸಿದಲ್ಲಿ ಕ್ಲೋರಮೈನ್ ಅನಿಲ ಉತ್ಪತ್ತಿಯಾಗುತ್ತದೆ. ಬಟ್ಟೆಯ ಮುಖಗವಸು ಈ ಅನಿಲಗಳನ್ನು ತಡೆಯುವುದಿಲ್ಲ.

ಮುನ್ನೆಚ್ಚರಿಕೆಗಳು

1. ರಬ್ಬರ್ ಕೈಗವಸು ಧರಿಸುವುದು. ಆಸಿಡ್ ಬಳಸುವಾಗ ಕಣ್ಣಿಗೆ ರಕ್ಷಣಾ ಕನ್ನಡಕ ಧರಿಸುವುದು.
2. ಕಿಟಕಿ, ಬಾಗಿಲುಗಳನ್ನು ತೆರೆದಿಟ್ಟು ಕೆಲಸ ಮಾಡುವುದು.
3. ಸಿಂಪಡಿಸುವ ಬದಲು ಬಟ್ಟೆಗೆ ಹಚ್ಚಿ ಒರೆಸುವುದು.
4. ರಾಸಾಯನಿಕಗಳನ್ನು ಹೆಸರಿಲ್ಲದ ಅಥವಾ ಕುಡಿಯುವ ನೀರಿನ ಬಾಟಲಿಗಳಲ್ಲಿ ತುಂಬಿಡದಿರುವುದು.

ತುರ್ತು ಸಂದರ್ಭದಲ್ಲಿ

ಅನಿಲ ಸೇವಿಸಿದವರನ್ನು ಕೂಡಲೇ ತೆರೆದ ಗಾಳಿಗೆ ಕರೆತರತಕ್ಕದ್ದು. ಕಣ್ಣಿಗೆ ಅಥವಾ ಚರ್ಮಕ್ಕೆ ರಾಸಾಯನಿಕ ತಗುಲಿದಲ್ಲಿ ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆಯತಕ್ಕದ್ದು. ನುಂಗಿದವರಿಗೆ ವಾಂತಿ ಮಾಡಿಸಬಾರದು. 108 ಆಂಬ್ಯುಲೆನ್ಸ್ ಸೇವೆಗೆ ಕರೆಮಾಡಿ, ವಸ್ತುವಿನ ಬಾಟಲಿ ಅಥವಾ ಚೀಟಿಯನ್ನು ಆಸ್ಪತ್ರೆಗೆ ಒಯ್ಯತಕ್ಕದ್ದು.

ಚಿಕಿತ್ಸೆ ಮತ್ತು ಪರಿಹಾರ

ದಿನಾಂಕ 21-11-2025ರಿಂದ ಜಾರಿಗೆ ಬಂದಿರುವ ಸಾಮಾಜಿಕ ಭದ್ರತಾ ಸಂಹಿತೆ, 2020ರ ಮೂರನೇ ಅನುಸೂಚಿಯಲ್ಲಿನ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಕೆಲಸದ ವಸ್ತುಗಳಿಂದ ಬರುವ ಅಸ್ತಮಾ ಸಹ ಸೇರಿದೆ. ಆದರೆ ರೋಗಕ್ಕೂ ಕೆಲಸಕ್ಕೂ ಇರುವ ಸಂಬಂಧವನ್ನು ದಾಖಲೆಗಳಿಲ್ಲದೆ ತೋರಿಸುವುದು ಕಷ್ಟಸಾಧ್ಯ. ಆದ್ದರಿಂದ ಕಾರ್ಮಿಕರು ಮೊದಲ ತಪಾಸಣೆಯಲ್ಲಿಯೇ ತಮ್ಮ ಉದ್ಯೋಗ, ಸೇವಾ ಅವಧಿ ಮತ್ತು ಬಳಸುವ ವಸ್ತುಗಳ ಹೆಸರನ್ನು ವೈದ್ಯರಿಗೆ ತಿಳಿಸಿ, ಅವು ಚಿಕಿತ್ಸಾ ಚೀಟಿಯಲ್ಲಿ ನಮೂದಾಗಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ರಜೆಯ ದಿನಗಳಲ್ಲಿ ಉಬ್ಬಸ ಕಡಿಮೆಯಾಗುತ್ತಿದ್ದಲ್ಲಿ ಅದನ್ನೂ ತಿಳಿಸತಕ್ಕದ್ದು. ಗುತ್ತಿಗೆ ಕಾರ್ಮಿಕರು ಇ.ಎಸ್.ಐ. ವಿಮಾ ಸಂಖ್ಯೆ, ವೇತನ ಚೀಟಿ ಮತ್ತು ಚಿಕಿತ್ಸಾ ದಾಖಲೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ಅವಶ್ಯ.