ಲೋ ಬಿಪಿ ಒಂದು ರೋಗವೇ? ತಲೆಸುತ್ತು, ಸಲೈನ್ ಮತ್ತು ಉಪ್ಪುನೀರಿನ ಲೆಕ್ಕ

ಕಲಘಟಗಿ ತಾಲ್ಲೂಕಿನ ದೇವಿಕೊಪ್ಪ ನಮ್ಮಜ್ಜಿಯ ಊರು. ಗೋವಿನಜೋಳದ ಹೊಲದಲ್ಲಿ ಕಳೆ ತೆಗೆಯುವ ದಿನಗಳಲ್ಲಿ ಅಲ್ಲಿ ಒಂದು ಮಾತು ಆಗಾಗ ಕಿವಿಗೆ ಬೀಳುತ್ತದೆ: "ಎದ್ದು ನಿಂತ ಕೂಡ್ಲೆ ಕಣ್ಣಿಗೆ ಕತ್ತಲಿ ಬಂತ್ರಿ. ಬಿಪಿ ಲೋ ಆಗೇತಿ ಅಂದ್ರು. ಒಂದು ಸಲೈನ್ ಹಚ್ಚಿದ್ರು, ಆರಾಮಾತು." ತಿಂಗಳು ಕಳೆದ ಮೇಲೆ ಅದೇ ಹೆಂಗಸು, ಅದೇ ತಲೆಸುತ್ತು, ಇನ್ನೊಂದು ಬಾಟಲಿ. ನಾಲ್ಕೈದು ವರ್ಷ ಹೀಗೇ ನಡೆದರೂ ತಲೆಸುತ್ತು ಏಕೆ ಬರುತ್ತಿದೆ ಎಂದು ಯಾರೂ ಕೇಳಿರುವುದಿಲ್ಲ. 'ಲೋ ಬಿಪಿ' ಎಂಬ ಹೆಸರು ಸಿಕ್ಕಿತಲ್ಲ, ಅಷ್ಟಕ್ಕೇ ಎಲ್ಲರಿಗೂ ಸಮಾಧಾನ.

ಆದರೆ ಲೋ ಬಿಪಿ ಹೆಚ್ಚಿನ ಸಲ ಕಾಯಿಲೆಯ ಹೆಸರೇ ಅಲ್ಲ. ಒಂದೋ ಅದು ಆ ದೇಹದ ಸಹಜ ಸ್ಥಿತಿ, ಇಲ್ಲವೇ ಒಳಗೆ ಬೇರೇನೋ ನಡೆಯುತ್ತಿದೆ ಎಂಬ ಸುಳಿವು.

ಎಷ್ಟಿದ್ದರೆ ಕಡಿಮೆ?

ಸಾಮಾನ್ಯವಾಗಿ 90/60ಕ್ಕಿಂತ ಕೆಳಗಿದ್ದರೆ ಕಡಿಮೆ ಎನ್ನುತ್ತಾರೆ. ಆದರೆ ತೆಳ್ಳಗಿನ, ಮೈಮುರಿದು ದುಡಿಯುವ ಎಷ್ಟೋ ಹೆಂಗಸರ ಬಿಪಿ 95/60ರ ಆಸುಪಾಸಿನಲ್ಲೇ ಇರುತ್ತದೆ. ತಲೆಸುತ್ತು, ಸುಸ್ತು, ಕಣ್ಣು ಮಂಜಾಗುವುದು ಯಾವುದೂ ಇಲ್ಲದಿದ್ದರೆ ಅವರಿಗೆ ಚಿಕಿತ್ಸೆ ಬೇಕಿಲ್ಲ. ಗರ್ಭಿಣಿಯರಲ್ಲೂ ನಡುವಿನ ತಿಂಗಳುಗಳಲ್ಲಿ ಬಿಪಿ ತುಸು ಇಳಿಯುವುದು ಸಹಜ. ಜರ್ಮನಿಯ ವೈದ್ಯರು ಬಹಳ ಕಾಲ ಇಂಥ ಸಹಜ ಲೋ ಬಿಪಿಯನ್ನೂ ರೋಗವೆಂದು ಎಣಿಸಿ ಔಷಧ ಬರೆಯುತ್ತಿದ್ದರು. ಇಂಗ್ಲೆಂಡಿನ ವೈದ್ಯರು ಅದನ್ನು 'ಜರ್ಮನ್ ಕಾಯಿಲೆ' ಎಂದು ಗೇಲಿ ಮಾಡುತ್ತಿದ್ದರು.

ಅಳತೆಯೂ ತಪ್ಪಿರಬಹುದು. ಸಣಕಲು ತೋಳಿಗೆ ದೊಡ್ಡ ಪಟ್ಟಿ ಸುತ್ತಿದರೆ ಅಂಕಿ ನಿಜಕ್ಕಿಂತ ಕಡಿಮೆ ಬರುತ್ತದೆ. ತೋಳು ಎದೆಯ ಮಟ್ಟಕ್ಕಿಂತ ಮೇಲಿದ್ದರೂ ಅಷ್ಟೇ, 10 ಸೆಂಟಿಮೀಟರ್ ಮೇಲಾದರೆ ಸುಮಾರು 8 ಅಂಕ ಇಳಿಯುತ್ತದೆ. ಅಳೆಯುವ ಮೊದಲು ಐದು ನಿಮಿಷ ಸುಮ್ಮನೆ ಕೂತಿರಬೇಕು. ಸಾಲಿನಲ್ಲಿ ನಿಂತು ಬಂದ ಕೂಡಲೇ ತೋರಿಸಿದ ಬಿಪಿಯನ್ನು ನಂಬಬೇಡಿ.

ಎದ್ದಾಗ ಏನಾಗುತ್ತದೆ?

ನಾವು ಎದ್ದು ನಿಂತಾಗ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲು ಮತ್ತು ಹೊಟ್ಟೆಯ ಕಡೆ ಇಳಿಯುತ್ತದೆ. ಕುತ್ತಿಗೆಯ ರಕ್ತನಾಳದಲ್ಲಿ ಮತ್ತು ಹೃದಯದಿಂದ ಹೊರಡುವ ದೊಡ್ಡ ನಾಳದಲ್ಲಿ ಒತ್ತಡ ಅಳೆಯುವ ನರತುದಿಗಳಿವೆ. ಅವು ಇಳಿಕೆಯನ್ನು ಕ್ಷಣದಲ್ಲೇ ಗುರುತಿಸಿ, ನಾಳಗಳು ಬಿಗಿಯಾಗುವಂತೆಯೂ ಹೃದಯ ಬೇಗ ಬಡಿಯುವಂತೆಯೂ ಮಾಡುತ್ತವೆ. ವಯಸ್ಸು, ಹಳೆಯ ಸಕ್ಕರೆ ಕಾಯಿಲೆ, ನೀರಿನ ಕೊರತೆ, ಕೆಲವು ಮಾತ್ರೆಗಳು ಈ ವ್ಯವಸ್ಥೆಯನ್ನು ನಿಧಾನಗೊಳಿಸುತ್ತವೆ. ಆಗ ಮಿದುಳಿಗೆ ಕೆಲವು ಸೆಕೆಂಡು ರಕ್ತ ಸಾಲದೆ ಕಣ್ಣು ಕತ್ತಲಾಗುತ್ತದೆ. ಬಿಸಿಲಲ್ಲಿ ಒಂದು ತಾಸು ಕುಕ್ಕರುಗಾಲಲ್ಲಿ ಕೂತು ಕಳೆ ಕಿತ್ತು ದಡಕ್ಕನೆ ಎದ್ದರೆ ಗಟ್ಟಿಮುಟ್ಟಾದವರಿಗೂ ಹೀಗಾಗಬಹುದು.

ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20, ಅಥವಾ ಕೆಳಗಿನದು 10 ಇಳಿದರೆ ಅದನ್ನು ವೈದ್ಯರು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಕೂರಿಸಿ ಮಾತ್ರ ಅಳೆದರೆ ಇದು ಸಿಗುವುದೇ ಇಲ್ಲ. ನಮ್ಮಜ್ಜಿಗೆ ಆದದ್ದು ಇದೇ. ಹೈ ಬಿಪಿಗೆ ಮಾತ್ರೆ ತಗೊಳ್ಳುತ್ತಿದ್ದರು, ಕೂತಾಗ 130 ಇತ್ತು, ಎಲ್ಲರೂ ಚಲೋ ಐತಿ ಎಂದರು. ಒಂದು ರಾತ್ರಿ ಹಿತ್ತಲಿಗೆ ಹೋಗಲು ಎದ್ದವರು ಬಿದ್ದು ಮುಂಗೈ ಮುರಿದುಕೊಂಡರು. ಆಮೇಲೆ ಮಲಗಿಸಿ ಅಳೆದಾಗ 138, ನಿಲ್ಲಿಸಿ ಅಳೆದಾಗ 108. ವೈದ್ಯರು ಮಾತ್ರೆಯ ಪ್ರಮಾಣ ಮತ್ತು ಹೊತ್ತು ಬದಲಿಸಿದರು. ನಿಮ್ಮ ಮನೆಯ ಹಿರಿಯರು ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಪ್ರಾಸ್ಟೇಟ್‌ಗೆ ಕೊಡುವ ಟ್ಯಾಮ್ಸುಲೋಸಿನ್‌ನಂಥದ್ದು ನುಂಗುತ್ತಿದ್ದು, ಎದ್ದಾಗ ತೂಗಾಡುತ್ತಿದ್ದರೆ ಆರೋಗ್ಯ ಕೇಂದ್ರದಲ್ಲಿ "ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ನೋಡ್ರಿ" ಎಂದು ಕೇಳಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಪಾರ್ಶ್ವವಾಯುವಿನ ಅಪಾಯ ಅಲ್ಲಿದೆ.

ಸಲೈನ್ ಹಚ್ಚಿದರೆ ಆರಾಮಾಗುವುದೇಕೆ?

ಅರ್ಧ ಲೀಟರಿನ ಸಲೈನ್ ಬಾಟಲಿಯಲ್ಲಿ ಇರುವುದು ನೀರು ಮತ್ತು ನಾಲ್ಕೂವರೆ ಗ್ರಾಂ ಉಪ್ಪು, ಅಂದರೆ ಒಂದು ಟೀ ಚಮಚಕ್ಕಿಂತ ತುಸು ಕಡಿಮೆ. ಹಳದಿ ಬಣ್ಣವಿದ್ದರೆ ಅದಕ್ಕೆ ಬಿ-ಕಾಂಪ್ಲೆಕ್ಸ್ ಸೇರಿಸಿದ್ದಾರೆ ಎಂದರ್ಥ. ಒಂದೆರಡು ತಾಸಿನಲ್ಲಿ ಆ ನೀರಿನ ಹೆಚ್ಚಿನ ಪಾಲು ರಕ್ತನಾಳ ಬಿಟ್ಟು ಸುತ್ತಲ ಅಂಗಾಂಶಕ್ಕೆ ಸೇರುತ್ತದೆ, ಉಳಿದದ್ದು ಮೂತ್ರವಾಗುತ್ತದೆ. ವಾಂತಿಭೇದಿಯಾಗಿ ಕುಡಿಯಲೂ ಆಗದವರಿಗೆ ಅದು ಜೀವ ಉಳಿಸುತ್ತದೆ. ಬಾಯಲ್ಲಿ ಕುಡಿಯಬಲ್ಲವರಿಗೆ ಎರಡು ದೊಡ್ಡ ಲೋಟ ಮಜ್ಜಿಗೆ ಸಾಕು. ಹಾಗಿದ್ದರೂ ಆರಾಮೆನಿಸುವುದು ಸುಳ್ಳಲ್ಲ: ಬಾಟಲಿ ಮುಗಿಯುವವರೆಗೆ ಒಂದು ತಾಸು ಕಾಲು ಚಾಚಿ ಮಲಗಿರುತ್ತೀರಿ. ಲೋ ಬಿಪಿಗೆ ಮಲಗುವುದೇ ಮೊದಲ ಔಷಧ!

ಸಲೈನಿನ ನಿಜವಾದ ತೊಂದರೆ ಎಂದರೆ ಅದು ರಕ್ತಹೀನತೆಯನ್ನು ಮರೆಮಾಡುತ್ತದೆ. ಸುಸ್ತು, ತಲೆಸುತ್ತು, ಏದುಸಿರು ರಕ್ತಹೀನತೆಯ ಲಕ್ಷಣಗಳೂ ಹೌದು, ಆಗ ಬಿಪಿ ಸರಿಯಾಗಿಯೂ ಇರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಗರ್ಭಿಣಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12 ಗ್ರಾಂ ಇರಬೇಕು. ಈ ಪರೀಕ್ಷೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಗುತ್ತದೆ. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುತ್ತಿದ್ದರೆ ಅದನ್ನು ನಾಚಿಕೆ ಬಿಟ್ಟು ಹೇಳಿ, ಕಾರಣ ಅಲ್ಲೇ ಇರಬಹುದು.

ಅಪರೂಪದ ಕಾರಣಗಳೂ ಇವೆ. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ, ಎದೆಹಾಲು ಬಾರದೆ, ಮುಟ್ಟು ಮತ್ತೆ ಶುರುವಾಗದೆ, ವರ್ಷಗಳಿಂದ ಸುಸ್ತು ಮತ್ತು ಲೋ ಬಿಪಿ ಇದ್ದರೆ ಮಿದುಳಿನ ಪಿಟ್ಯುಟರಿ ಗ್ರಂಥಿಗೆ ಪೆಟ್ಟಾಗಿರಬಹುದು. ತೂಕ ಇಳಿಯುತ್ತ, ಮೈಬಣ್ಣ ಕಪ್ಪಾಗುತ್ತ, ಉಪ್ಪು ತಿನ್ನುವ ಆಸೆ ಹೆಚ್ಚುತ್ತ ಹೋದರೆ ಅಡ್ರಿನಲ್ ಗ್ರಂಥಿ ಸೋಲುತ್ತಿರಬಹುದು. ನಮ್ಮ ದೇಶದಲ್ಲಿ ಕ್ಷಯ ಇದಕ್ಕೊಂದು ಮುಖ್ಯ ಕಾರಣ. ಎರಡಕ್ಕೂ ಮಾತ್ರೆಗಳಿವೆ.

ದಿನನಿತ್ಯ ಏನು ಮಾಡಬಹುದು?

ಹಾಸಿಗೆಯಿಂದ ಏಳುವಾಗ ಮೊದಲು ಹೊರಸಿನ ಅಂಚಿಗೆ ಕೂತು ಪಾದ ಮೇಲೆ ಕೆಳಗೆ ಆಡಿಸಿ, ಒಂದು ನಿಮಿಷ ಬಿಟ್ಟು ಏಳಿ. ಎದ್ದ ಕೂಡಲೇ ಕಣ್ಣು ಕತ್ತಲಾಗುವವರು ಏಳುವ ಹತ್ತು ನಿಮಿಷ ಮೊದಲು ಒಂದೆರಡು ಲೋಟ ನೀರು ಕುಡಿದರೆ ಬಹಳ ಉಪಯೋಗ. ಕತ್ತಲೆ ಬರುವ ಸೂಚನೆ ಸಿಕ್ಕರೆ ಕಾಲು ಕತ್ತರಿ ಹಾಕಿ ತೊಡೆ ಬಿಗಿ ಹಿಡಿಯಿರಿ, ಅಥವಾ ಮುಜುಗರವಿಲ್ಲದೆ ನೆಲಕ್ಕೆ ಕೂತುಬಿಡಿ. ಗಂಡಸರು ರಾತ್ರಿ ಮೂತ್ರಕ್ಕೆ ಕೂತೇ ಹೋಗುವುದು ಒಳ್ಳೆಯದು. ಹೊಟ್ಟೆ ಬಿರಿಯುವ ಊಟ ಮತ್ತು ಸುಡುಸುಡು ಸ್ನಾನ ಎರಡೂ ಬಿಪಿ ಇಳಿಸುತ್ತವೆ. ವಯಸ್ಸಾದವರಿಗೆ ಕಡಿಮೆ ಊಟ ಹೆಚ್ಚು ಸಲ ಕೊಡಿ, ಬಚ್ಚಲಲ್ಲಿ ಸ್ಟೂಲ್ ಇಡಿ. ಶ್ರಾವಣದ ಉಪವಾಸದ ದಿನ ಹೊಲಕ್ಕೆ ಹೋಗುವವರು ನೀರನ್ನಾದರೂ ಬಿಡಬಾರದು.

ಇನ್ನು ಉಪ್ಪು. 'ಲೋ ಬಿಪಿ ಇದ್ದವರು ಉಪ್ಪು ಎಷ್ಟಾದರೂ ತಿನ್ನಬಹುದು' ಎಂಬುದು ಅರ್ಧ ಸತ್ಯ. ವಿಶ್ವ ಆರೋಗ್ಯ ಸಂಸ್ಥೆ ಎಲ್ಲರಿಗೂ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ. ಪದೇ ಪದೇ ಬೀಳುವ ಕೆಲವರಿಗೆ ವೈದ್ಯರು ಹೆಚ್ಚಿಸಲು ಹೇಳುತ್ತಾರೆ. ಹೃದಯ ಅಥವಾ ಕಿಡ್ನಿ ತೊಂದರೆ ಇರುವವರು, ನಮ್ಮಜ್ಜಿಯ ಹಾಗೆ ಹೈ ಬಿಪಿ ಇದ್ದೂ ಎದ್ದಾಗ ಇಳಿಯುವವರು ಉಪ್ಪುನೀರು ಕುಡಿಯಬಾರದು.

ಯಾರಾದರೂ ಬಿದ್ದರೆ

ನಮ್ಮಲ್ಲಿ ಮೊದಲು ಮಾಡುವುದು ಅವರನ್ನು ಎತ್ತಿ ಕೂರಿಸುವುದು. ಅದು ತಪ್ಪು. ಅಂಗಾತ ಮಲಗಿಸಿ, ಕಾಲನ್ನು ಒಂದಡಿ ಎತ್ತರಿಸಿ. ದಿನ ತುಂಬಿದ ಗರ್ಭಿಣಿಯಾದರೆ ಎಡಮಗ್ಗುಲಿಗೆ ಮಲಗಿಸಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಈರುಳ್ಳಿ, ಚಪ್ಪಲಿ ಮೂಸಿಸುವುದರಿಂದ ಪ್ರಯೋಜನವಿಲ್ಲ. ಸಾಮಾನ್ಯ ಮೂರ್ಛೆಯಾದರೆ ಒಂದೆರಡು ನಿಮಿಷದಲ್ಲಿ ಎಚ್ಚರವಾಗುತ್ತದೆ.

ಆಗದಿದ್ದರೆ 108ಕ್ಕೆ ಕರೆ ಮಾಡಿ. ಎದೆನೋವು, ಏದುಸಿರು, ಕೆಲಸ ಮಾಡುತ್ತಿರುವಾಗಲೇ ಕುಸಿಯುವುದು, ಹಾವು ಅಥವಾ ಜೇನು ಕಚ್ಚಿದ ನಂತರದ ತಲೆಸುತ್ತು, ಡಾಂಬರಿನಂತೆ ಕಪ್ಪಾದ ಅಂಟು ಮಲ ಇದ್ದರೂ ತಡ ಮಾಡಬೇಡಿ. ಕಬ್ಬಿಣದ ಮಾತ್ರೆ ನುಂಗುವವರ ಮಲ ಕಪ್ಪಾಗುವುದು ಬೇರೆ, ಅದಕ್ಕೆ ಹೆದರಬೇಕಿಲ್ಲ. ಮಳೆಗಾಲದಲ್ಲಿ ಇನ್ನೊಂದು ನೆನಪಿಡಿ: ಡೆಂಗಿಯಲ್ಲಿ ಜ್ವರ ಬಿಟ್ಟ ಮರುದಿನವೇ ಬಿಪಿ ಕುಸಿಯಬಹುದು. ಜ್ವರ ಇಳಿದರೂ ಹೊಟ್ಟೆನೋವು, ವಾಂತಿ, ತಣ್ಣಗಾದ ಕೈಕಾಲು ಕಂಡರೆ ಊರಿನ ಸಲೈನ್‌ಗೆ ಕಾಯದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.